ಬಿಸಿಲಲ್ಲೂ ಟಿಕ್ ಟಿಕ್

ಬದಿಯಡ್ಕದ ಹತ್ತಿರದ ಒಂದು ಅಡಿಕೆ ತೋಟದಂಚಿನ ಬಯಲಿನಲ್ಲಿ ನಮ್ಮ ಎರಡು ಮಳೆಮಾಪಕಗಳಿವೆ. ಒಂದು ಹಳೆಯದು: ಮೇಲೆ ಆಲಿಕೆ, ಕೆಳಗೆ ಬಾಟಲಿ. ತೋಟ ನೋಡಿಕೊಳ್ಳುವ ಅಣ್ಣ ದಿನಾ ಬೆಳಿಗ್ಗೆ 8.30ಕ್ಕೆ 20 ಮಿ.ಮೀ. ಮಳೆ ಹಿಡಿಯುವ ಗ್ಲಾಸಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಇನ್ನೊಂದು ಟಿಪ್ಪಿಂಗ್ ಬಕೆಟ್: 0.2 ಮಿ.ಮೀ. ನೀರು ಬಿದ್ದಾಗಲೆಲ್ಲ ಒಳಗಿನ ಪುಟ್ಟ ತೊಟ್ಟಿ ಒಮ್ಮೆ ಮಗುಚುತ್ತದೆ, ಲೆಕ್ಕ ನನ್ನ ಲ್ಯಾಪ್‌ಟಾಪಿಗೆ ಬರುತ್ತದೆ. ಎರಡನ್ನೂ ತಾಳೆ ನೋಡುವುದು ನನ್ನ ಕೆಲಸ.

ಕಳೆದ ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಒಂದು ದಿನ ಅಣ್ಣನ ಪುಸ್ತಕದಲ್ಲಿ 142.6, ಯಂತ್ರದಲ್ಲಿ 91.4. ಉಪಗ್ರಹದ ಅಂಕಿ ನೋಡಿದೆ: 58. ಇಬ್ಬರೂ ಕಡಿಮೆಯೇ ಹೇಳುತ್ತಾರಲ್ಲ ಎಂದು 142.6ನ್ನು ಹೊಡೆದುಹಾಕಿ 'ಕೈ ಅಳತೆಯ ತಪ್ಪು' ಎಂದು ಷರಾ ಬರೆದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 115.6 ಮುಟ್ಟಿದರೆ 'ಅತಿ ಭಾರಿ' ಮಳೆ; ನಾನು ಕೂತಲ್ಲೇ ಅದನ್ನು ಬರೀ 'ಭಾರಿ' ಮಾಡಿಬಿಟ್ಟೆ.

ಅಣ್ಣನ ಫೋನ್ ಬಂತು. "ಏಳು ಗ್ಲಾಸ್ ತುಂಬ, ಎಂಟನೆಯದರಲ್ಲಿ ಎರಡೂವರೆ ಚಿಲ್ಲರೆ. ಎಣಿಸಿಯೇ ಬರೆದದ್ದು ಮಾರಾಯ್ರೆ. ಮಳೆ ಐದಕ್ಕೇ ಬಿಟ್ಟಿದೆ, ನಿಮ್ಮ ಪೆಟ್ಟಿಗೆ ಇನ್ನೂ ಟಿಕ್ ಟಿಕ್ ಅನ್ನುತ್ತಿದೆ."

ಹೋಗಿ ನೋಡಿದರೆ ಯಂತ್ರದ ಆಲಿಕೆಯಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ತೂತಿನಲ್ಲಿ ಕೊಳೆತ ಎಲೆ, ಕಾಗೆ ಹಿಕ್ಕೆ. ಆಮೇಲೆ ಗ್ರಾಫ್ ಬಿಡಿಸಿದೆ, ಮೊದಲೇ ಬಿಡಿಸಬೇಕಿತ್ತು. ರಾತ್ರಿಯಿಡೀ ಗಂಟೆಗೆ ಎಂಟು ಎಂಟೂಕಾಲು ಮಿ.ಮೀ., ಏರಿಲ್ಲ, ಇಳಿದಿಲ್ಲ. ಆಟಿಯ ಮಳೆ ಎಲ್ಲಾದರೂ ಹಾಗೆ ಸುರಿಯುತ್ತದೆಯೇ? ಯಂತ್ರ ಅಳೆಯುತ್ತಿದ್ದದ್ದು ಮಳೆಯನ್ನಲ್ಲ, ಆಲಿಕೆ ಸೋರುವುದನ್ನು. ಉಳಿದ ನೀರೆಲ್ಲ ಮರುದಿನದ ಖಾತೆಗೆ ಹೋಗುತ್ತಿತ್ತು.

ಉಪಗ್ರಹವನ್ನು ನಾನು ಸಾಕ್ಷಿಗೆ ಕರೆದದ್ದೇ ತಪ್ಪು. ಅದರ ಒಂದು ಚೌಕ ಸುಮಾರು 10 ಕಿ.ಮೀ. ಅಗಲ, ಅಷ್ಟಕ್ಕೂ ಸೇರಿಸಿ ಒಂದು ಸರಾಸರಿ. ಅಲ್ಲದೆ ಘಟ್ಟದ ತಪ್ಪಲಿನಲ್ಲಿ ಮಂಜುಗಡ್ಡೆ ಕಟ್ಟದ ತಗ್ಗಿನ ಮೋಡಗಳೂ ಜೋರಾಗಿ ಸುರಿಯುತ್ತವೆ. ಹೆಚ್ಚಾಗಿ ಮೋಡದ ಮಂಜುಗಡ್ಡೆ ನೋಡಿಯೇ ಮಳೆ ಊಹಿಸುವ ಉಪಗ್ರಹಕ್ಕೆ ಅಂಥ ಮಳೆ ಎಷ್ಟೋ ಸಲ ಕಡಿಮೆ ಕಾಣುತ್ತದೆ.

ಷರಾ ಹೊಡೆದು 142.6 ಮತ್ತೆ ಬರೆದು ಸಹಿ ಹಾಕಿದೆ. ಯಂತ್ರವನ್ನೇನೂ ತೆಗೆದಿಲ್ಲ; ಯಾವ ಗಂಟೆಗೆ ಎಷ್ಟು ಎಂದು ಬಾಟಲಿ ಹೇಳುವುದಿಲ್ಲವಲ್ಲ. ಈಗ ಶನಿವಾರ ಅದರ ಆಲಿಕೆ ತೊಳೆದು, ಒಂದು ಲೀಟರ್ ನೀರು ಒಂದು ಗಂಟೆ ಹನಿಸುತ್ತೇನೆ. ಬಾಯಿ 200 ಚದರ ಸೆಂ.ಮೀ., ಅಂದರೆ 250 ಟಿಕ್ ಬರಬೇಕು. ಹೋದ ವಾರ 246 ಬಂತು. ಎಣಿಸಿದ್ದು ಅಣ್ಣ.