ಶಹಾಬಾದ್ ಕಲ್ಲಿನ ಜೋಡಿಮನೆಗಳ ನಡುಗೋಡೆ

ಕಲಬುರಗಿಯ ಬ್ರಹ್ಮಪುರ, ಶಹಾಬಜಾರ್, ಗಾಜಿಪುರದ ಹಳೆಯ ಓಣಿಗಳಲ್ಲಿ, ನಿಜಾಮರ ಆಳ್ವಿಕೆಯ ಕೊನೆಯ ದಶಕಗಳ ಕಲ್ಲಿನ ಮನೆಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಅವುಗಳಲ್ಲಿ ನನ್ನ ಕುತೂಹಲವನ್ನು ಹೆಚ್ಚು ಕೆರಳಿಸಿದವು ಒಂದೇ ಗೋಡೆಯನ್ನು ಹಂಚಿಕೊಂಡ ಜೋಡಿಮನೆಗಳು. ಅಣ್ಣತಮ್ಮಂದಿರು ಬೇರೆಯಾದಾಗ ಒಂದು ಮನೆ ಎರಡಾದದ್ದೂ ಉಂಟು, ಮೊದಲಿನಿಂದಲೇ ಜೋಡಿಯಾಗಿ ಕಟ್ಟಿಸಿದ್ದೂ ಉಂಟು. ಪಾಲಾದ ಮನೆಯಲ್ಲಿ ನಡುಗೋಡೆ ತೆಳ್ಳಗಿದ್ದು, ಪಡಸಾಲೆಯ ಕಂಬಸಾಲನ್ನು ಎಲ್ಲೆಂದರಲ್ಲಿ ತುಂಡರಿಸಿರುತ್ತದೆ. ಮೊದಲಿನಿಂದ ಜೋಡಿಯಾದದ್ದರಲ್ಲಿ ಅದು ಹೊರಗೋಡೆಯಷ್ಟೇ ದಪ್ಪವಾಗಿದ್ದು, ಎರಡೂ ಮನೆಗಳ ತೊಲೆಗಳನ್ನು ಹೊತ್ತಿರುತ್ತದೆ.

ಶಹಾಬಾದ್ ಕಲ್ಲು ಬಾದಾಮಿಯ ಮರಳುಗಲ್ಲಿನಂತಲ್ಲ. ಇದು ಭೀಮಾ ಸೀಮೆಯ ಸುಣ್ಣದ ಕಲ್ಲು. ಪದರಪದರವಾಗಿ ಏಳುವುದರಿಂದ ಗೋಡೆಗೂ ನೆಲಕ್ಕೂ ಮೆಟ್ಟಿಲಿಗೂ ಬಾಗಿಲ ಮೇಲಿನ ಅಡ್ಡಗಲ್ಲಿಗೂ ಒಂದೇ ಗಣಿ ಸಾಕಾಗುತ್ತಿತ್ತು. 1871ರಲ್ಲಿ ಮುಂಬಯಿ–ರಾಯಚೂರು ರೈಲುಮಾರ್ಗ ಪೂರ್ಣಗೊಂಡಿತು. ಶಹಾಬಾದ್, ವಾಡಿ, ಕಲಬುರಗಿ ಮೂರೂ ಅದೇ ಮಾರ್ಗದಲ್ಲಿರುವುದರಿಂದ ಈ ಭಾರದ ಸರಕಿನ ಸಾಗಣೆಯೂ ಹಗುರವಾಯಿತು.

ಗೋಡೆಯ ಒಳಗುಟ್ಟು ಹೊರಗಿನಿಂದ ಕಾಣುವುದಿಲ್ಲ. ಎರಡು ಬದಿಗೆ ಕಲ್ಲಿನ ಎರಡು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲಿನ ತುಂಬು, ಎರಡೂ ಸಾಲುಗಳನ್ನು ಹಿಡಿದಿಡಲು ಅಲ್ಲಲ್ಲಿ ಉದ್ದನೆಯ ಕಲ್ಲು. ಬೀದಿಗೆ ಮುಖ ಮಾಡಿದ ಸಾಲನ್ನು ಕಲ್ಲುಕುಟಿಗರು ನುಣುಪಾಗಿ ಕೆತ್ತುತ್ತಿದ್ದರು. ನಡುಗೋಡೆಯ ಎರಡು ಮುಖಗಳೂ ಮನೆಯೊಳಗೇ ಇರುವುದರಿಂದ ಅಲ್ಲಿ ಒರಟುಗಲ್ಲನ್ನೇ ಇಟ್ಟು ಮೇಲೆ ಗಾರೆ ಬಳಿಯುತ್ತಿದ್ದರು. ಆ ಗೋಡೆಯಲ್ಲಿ ದೀಪದ ಗೂಡುಗಳನ್ನು ಬಿಡುವಾಗ ಎರಡೂ ಮನೆಯವು ಬೆನ್ನಿಗೆ ಬೆನ್ನಾಗದಂತೆ ಆಚೀಚೆ ಸರಿಸಿರುವುದನ್ನು ನಾನು ನೋಡಿದ್ದೇನೆ. ಹಾಗೆ ಮಾಡದಿದ್ದರೆ ಆ ಜಾಗದಲ್ಲಿ ಗೋಡೆ ಟೊಳ್ಳಾಗುತ್ತಿತ್ತು.

ನಡುಗೋಡೆಗೆ ಕಿಟಕಿ ಇಡುವಂತಿಲ್ಲವಾದ್ದರಿಂದ ಕೋಣೆಗಳು ಮುಂಬಾಗಿಲಿನಿಂದ ಹಿತ್ತಿಲವರೆಗೆ ಒಂದರ ಹಿಂದೆ ಒಂದು ಬರುತ್ತವೆ, ನಡುವಣ ಕೋಣೆಗೆ ಮಾಳಿಗೆಯ ಬೆಳಕಿಂಡಿಯೇ ಗತಿ. ಕತ್ತಲೆ ಹೆಚ್ಚು ಎಂದು ಇಂದಿನವರು ದೂರುತ್ತಾರೆ. ಆದರೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಬಿಸಿಲೇ ತಾಗದ ಒಂದು ಗೋಡೆ ಇರುವುದು ಸಣ್ಣ ಸೌಕರ್ಯವಲ್ಲ. ಮಾಳಿಗೆಯ ಮೇಲೆ ಮಳೆಗಾಲಕ್ಕೆ ಮುನ್ನ ಸವಳು ಮಣ್ಣು ಹಾಕುವುದಿತ್ತು. ತೊಯ್ದಾಗ ಅದರ ಕಣಗಳು ಒತ್ತಾಗಿ ಕೂತು ನೀರನ್ನು ಕೆಳಗಿಳಿಯಗೊಡುವುದಿಲ್ಲ. ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೆ ನೀರು ಇಳಿಯುತ್ತಿದ್ದುದು ನಡುಗೋಡೆಗೇ, ಜಗಳವೂ ಅಲ್ಲಿಂದಲೇ.

ಈಗಿನ ದುರಸ್ತಿಯ ಬಗ್ಗೆ ನನ್ನ ತಕರಾರು ಸಿಮೆಂಟಿನದು. ಸುಣ್ಣದ ಗಾರೆಯ ಮೂಲಕ ಗೋಡೆಯ ತೇವ ಹೊರಬೀಳುತ್ತದೆ, ಸಿಮೆಂಟಿನ ಗಿಲಾವು ಅದನ್ನು ಒಳಗಿನ ಮಣ್ಣಿನಲ್ಲೇ ಕೂಡಿಹಾಕುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮರಳುಗಲ್ಲಿನ ಮನೆಗಳಿಗೂ ಸಿಮೆಂಟಿನ ದುರಸ್ತಿಯಿಂದ ಹಾನಿಯಾಗಿದೆ. ಅಲ್ಲಿ ಸಿಮೆಂಟು ತಡೆದ ತೇವ ಕಲ್ಲಿನ ಮೂಲಕವೇ ಹೊರಬರಲು ಹೋಗಿ ಕಲ್ಲಿನ ಮೇಲ್ಮೈಯೇ ಉದುರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಜೋಡಿಯಲ್ಲಿ ಒಂದನ್ನು ಕೆಡವುವಾಗ ಬರುತ್ತದೆ. ಅದುವರೆಗೆ ಮನೆಯೊಳಗಿದ್ದ ಒರಟು ಮುಖ ಒಮ್ಮೆಲೇ ಮಳೆಗೆ ತೆರೆದುಕೊಳ್ಳುತ್ತದೆ. ಪಿಲ್ಲರಿನ ಗುಂಡಿಯನ್ನು ಹಳೆಯ ಪಾಯಕ್ಕಿಂತ ಆಳವಾಗಿ ಗೋಡೆಗೆ ಒತ್ತಿ ತೋಡಿದರೆ ಪಾಯದ ಕೆಳಗಿನ ಮಣ್ಣು ಸರಿಯುತ್ತದೆ, ಎರೆಮಣ್ಣಿನ ಜಾಗವಾದರೆ ಇನ್ನೂ ಬೇಗ. ತೊಲೆಗಳನ್ನು ಎಳೆದು ಕಿತ್ತರೆ ಸುತ್ತಲಿನ ಕಲ್ಲುಗಳೂ ಸಡಿಲಾಗುತ್ತವೆ. ಅವನ್ನು ಗೋಡೆಯ ಅಂಚಿಗೆ ಗರಗಸದಿಂದ ಕೊಯ್ದು, ಒಳಗುಳಿದ ತುದಿಗಳನ್ನು ಒಂದೊಂದಾಗಿ ತೆಗೆಯುತ್ತ ಆ ಕುಳಿಗಳಿಗೆ ಕಲ್ಲು ಮತ್ತು ಸುಣ್ಣದ ಗಾರೆ ತುಂಬಿಸಬೇಕು. ಪಕ್ಕದ ಮನೆಯ ತೊಲೆಗಳಿಗೆ ಆಸರೆ ಕೊಡುವ ಕೆಲಸ ಮಾತ್ರ ಇದೆಲ್ಲಕ್ಕೂ ಮೊದಲೇ ಮುಗಿದಿರಬೇಕು.