ಫೇಡರ್ ಏರಿಸಿದಷ್ಟೂ ಡೊಳ್ಳು ಸಣ್ಣದಾಯಿತು

ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಆಲ್ಬಂ 2008ರಲ್ಲಿ ಬಂತು. ಹಾಡುಗಳು ಚೆನ್ನಾಗಿವೆ. ಆದರೆ ಸಿಡಿಯನ್ನು ಹೆಡ್‌ಫೋನ್‌ನಲ್ಲಿ ಕೇಳಿ ನೋಡಿ, ಸ್ವಲ್ಪ ಹೊತ್ತಿಗೇ ಕಿವಿ ಸೋತುಹೋಗುತ್ತದೆ. ಎಲ್ಲ ಸದ್ದನ್ನೂ ಮೇಲಕ್ಕೆ ತಳ್ಳಿ, ಮಿತಿ ಮೀರಿದ್ದನ್ನು ಅದುಮಿ ಹಿಡಿಯುವ ಲಿಮಿಟರ್‌ನಲ್ಲಿ ಒತ್ತಿದ್ದಾರೆ. ಡ್ರಮ್ಮಿನ ಏಟೂ ಗಿಟಾರೂ ಸೇರಿ ಒಂದೇ ಮುದ್ದೆ. ಅದೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೋ ಗೇಮ್‌ನಲ್ಲಿ ಇಷ್ಟು ಒತ್ತಿಸಿಕೊಳ್ಳದೆ ಬಂದವು. ಅಭಿಮಾನಿಗಳು ಎರಡನ್ನೂ ಹೋಲಿಸಿ ತಕರಾರು ತೆಗೆದರು. ನಾನೂ ಅವರ ಕಡೆಯೇ.

ಚಿಕ್ಕಮಗಳೂರಿನಲ್ಲಿ ಲೈವ್ ಸೌಂಡ್ ನನ್ನ ಕೆಲಸ. ಆ ಸಿಡಿಗೆ ಆದದ್ದೇ ಇಲ್ಲಿನ ರೆಸಾರ್ಟ್ ಶೋಗಳಿಗೂ ಆಗುತ್ತಿದೆ. ಹೊರಗಿನ ಸ್ಪೀಕರ್ ರಾತ್ರಿ 10ಕ್ಕೆ ಬಂದ್ ಆಗಬೇಕು. ಹಾಗಾಗಿ ಇದ್ದಷ್ಟು ಹೊತ್ತು ಜೋರಾಗಿರಲಿ ಅಂತಾರೆ ಎಲ್ಲರೂ.

ಕಳೆದ ಡಿಸೆಂಬರ್‌ನಲ್ಲಿ ಮುಳ್ಳಯ್ಯನಗಿರಿ ರಸ್ತೆಯ ಒಂದು ರೆಸಾರ್ಟ್‌ನಲ್ಲಿ ಕಂಪನಿ ಪಾರ್ಟಿ ಇತ್ತು. ಬೆಂಗಳೂರಿನ ರಾಕ್ ಬ್ಯಾಂಡ್, ತರೀಕೆರೆ ಕಡೆಯ ಡೊಳ್ಳು ತಂಡ. ಕೊನೆಯ ಹಾಡಿಗೆ ಇಬ್ಬರೂ ಸೇರಬೇಕು. ಲೈನ್ ಚೆಕ್, ಅಂದರೆ ಒಂದೊಂದೇ ಮೈಕ್, ವೈರ್ ಪರೀಕ್ಷೆ, ಮಧ್ಯಾಹ್ನವೇ ಮುಗಿದಿತ್ತು. ಸಂಜೆ ಮಂಜು ಇಳಿಯಿತು, ಡೊಳ್ಳಿನ ಚರ್ಮ ಸಡಿಲವಾಯಿತು. ತಂಡದ ಹಿರಿಯರು ಕ್ಯಾಂಪ್‌ಫೈರ್ ಪಕ್ಕ ಕೂತು ಒಂದೊಂದೇ ಡೊಳ್ಳನ್ನು ಕಾಯಿಸತೊಡಗಿದರು. ಹಗ್ಗ ಎಳೆಯುವುದು, ಬೆರಳ ತುದಿಯಲ್ಲಿ ತಟ್ಟುವುದು, ಕಿವಿಗೊಟ್ಟು ಕೇಳಿ ಮತ್ತೆ ಬೆಂಕಿಗೆ ಹಿಡಿಯುವುದು.

"ಇನ್ನೂ ಎಷ್ಟೊತ್ತು ಇವರದ್ದು?" ಅಂತ ಇವೆಂಟ್ ಮ್ಯಾನೇಜರ್ ನನ್ನನ್ನು ಕೇಳಿದರು.

"ಸ್ವಲ್ಪ ತಡೀರಿ ಸ್ವಾಮಿ, ಇನ್ನೂ ಬಿಗಿ ಬಂದಿಲ್ಲ" ಅಂದರು ಹಿರಿಯರು, ತಲೆ ಎತ್ತದೆ.

ಎಂಟು ಡೊಳ್ಳಿಗೂ ಒಂದೊಂದು ಮೈಕ್ ಇರಲೇಬೇಕು ಅಂತ ಮ್ಯಾನೇಜರ್ ಮೊದಲೇ ಹಟ ಹಿಡಿದಿದ್ದರು. ಬೇಡ ಅಂದೆ, ಕೇಳಲಿಲ್ಲ. ಕೊನೆಯ ಹಾಡು ಶುರುವಾಯಿತು. ಎಂಟು ಮೈಕ್ ಓಪನ್, ಪಕ್ಕದಲ್ಲೇ ಮಾನಿಟರ್‌ಗಳು, ಅಂದರೆ ನುಡಿಸುವವರಿಗೆ ಕೇಳಿಸಲು ಇಟ್ಟ ಸ್ಪೀಕರ್‌ಗಳು. ಸ್ಪೀಕರ್ ಸದ್ದು ಮತ್ತೆ ಮೈಕ್‌ಗೇ ಹೊಕ್ಕು, ತಗ್ಗಿನ ಸ್ವರದಲ್ಲಿ ಹೌಲಿಂಗ್ ಗುಂಯ್ ಅನ್ನತೊಡಗಿತು. ಗಿಟಾರಿಸ್ಟ್ ತನ್ನ ಮಾನಿಟರ್ ಏರಿಸು ಅಂತ ಕೈ ಎತ್ತುತ್ತಿದ್ದ. ಬೆನ್ನ ಹಿಂದೆ ಮ್ಯಾನೇಜರ್, "ಅಣ್ಣಾ, ಸಬ್ ಕೊಡಿ, ಇನ್ನೂ ಕೊಡಿ." ಸಬ್ ಅಂದರೆ ತಗ್ಗಿನ ಸದ್ದಿನ ದೊಡ್ಡ ಸ್ಪೀಕರ್. ಕೊಟ್ಟೆ. ಲಿಮಿಟರ್‌ನ ಕೆಂಪು ದೀಪ ಆರಲೇ ಇಲ್ಲ. ಸ್ಟೇಜ್ ಮೇಲೆ ಕೋಲು ತಲೆಯವರೆಗೂ ಏಳುತ್ತಿದೆ, ಮೈ ಪೂರ್ತಿ ಬಾಗಿ ಏಟು ಬೀಳುತ್ತಿದೆ, ಸ್ಪೀಕರ್‌ನಲ್ಲಿ ಮಾತ್ರ ಡಬ್‌ಡಬ್ ಅನ್ನುವ ಸಣ್ಣ ಸದ್ದು. ಏಟಿಗೂ ಸುತ್ತಲಿನ ಸದ್ದಿಗೂ ವ್ಯತ್ಯಾಸ ಉಳಿದರೆ ತಾನೆ ಏಟು ಕೇಳುವುದು? ಜನ ಹಿಂದೆ ಸರಿಯುತ್ತಿದ್ದರು. ಅಷ್ಟು ಹೊತ್ತು ಬೆಂಕಿಯ ಮುಂದೆ ಕೂತು ಹದ ಮಾಡಿದ ಚರ್ಮ ಅದು. ನನಗೆ ತಡೆಯಲಾಗಲಿಲ್ಲ.

ಆಗ ತಲೆಗೆ ಬಂದದ್ದು ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಝೆಪ್ಲಿನ್. 1971ರ ಅವರ ನಾಲ್ಕನೇ ಆಲ್ಬಂನ ಕೊನೆಯ ಹಾಡು 'ವೆನ್ ದ ಲೆವೀ ಬ್ರೇಕ್ಸ್'. ಹೆಡ್ಲಿ ಗ್ರೇಂಜ್ ಅನ್ನುವ ಹಳೇ ಮನೆಯ ಹಜಾರದಲ್ಲಿ ಅವರ ಡ್ರಮ್ಮರ್ ಜಾನ್ ಬೋನಮ್‌ನ ಡ್ರಮ್ ಇಟ್ಟು, ಮೇಲೆ ಮೆಟ್ಟಿಲ ಹತ್ತಿರ ಎರಡು ಮೈಕ್ ಕಟ್ಟಿ ರೆಕಾರ್ಡ್ ಮಾಡಿದ್ದು ಅದು. ಎರಡೇ ಮೈಕ್! ಅಷ್ಟು ಭಾರದ ಡ್ರಮ್ ಸದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆರು ಡೊಳ್ಳು ಮೈಕ್ ಮ್ಯೂಟ್ ಮಾಡಿದೆ. ಗಿಟಾರ್ ಇಳಿಸಿದೆ, ಒಟ್ಟು ಸದ್ದನ್ನು ಹಿಡಿಯುವ ಮಾಸ್ಟರ್ ಫೇಡರ್ ಇಳಿಸಿದೆ.

"ಏನ್ರೀ ಮಾಡ್ತಿದೀರ? ಮೈಕ್ ಆಫ್ ಮಾಡಿದ್ರಾ?" ಮ್ಯಾನೇಜರ್ ನನ್ನ ಕೈ ಹಿಡಿದೇಬಿಟ್ಟರು.

"ಒಂದು ನಿಮಿಷ ಸುಮ್ನೆ ಕೇಳಿ ಸಾರ್."

ಮೊದಲು ಎಲ್ಲ ಖಾಲಿಯಾದ ಹಾಗಾಯಿತು. ಆ ಎರಡು ಮೂರು ಸೆಕೆಂಡು ನನ್ನ ಕೈ ಮಾಸ್ಟರ್ ಮೇಲೇ ಇತ್ತು, ಬೆವರುತ್ತಿತ್ತು. ಆಮೇಲೆ ಎಂಟೂ ಡೊಳ್ಳು ಒಟ್ಟಿಗೆ ಬಿದ್ದವು. ಎದೆಗೇ ಬಡಿಯಿತು. ಕೆಂಪು ದೀಪ ಆರಿತ್ತು. ಹಿಂದೆ ಸರಿದಿದ್ದವರು ಸ್ಟೇಜ್ ಹತ್ತಿರ ಬಂದು ಕುಣಿಯತೊಡಗಿದರು. ದೇವಸ್ಥಾನದ ಬಯಲಿನಲ್ಲಿ ಮೈಕಿಲ್ಲದೆ ಊರಿಗೇ ಕೇಳಿಸುವ ವಾದ್ಯ, ಅದಕ್ಕೆ ಜಾಗ ಬಿಟ್ಟರೆ ಸಾಕು.

ಮೆಟಲ್ ಅಂದರೆ ಬರೀ ಜೋರು ಅಂದುಕೊಂಡವರಿಗೆ ನಾನು ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಕೇಳಿ ಅನ್ನುತ್ತೇನೆ. 1970ರದ್ದು, ಹೆಚ್ಚುಕಡಿಮೆ ಒಂದೇ ದಿನದಲ್ಲಿ ರೆಕಾರ್ಡ್ ಆದದ್ದು. ಮಳೆ, ಗಂಟೆ, ಆಮೇಲೆ ಆ ಗಿಟಾರ್. ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ನೋಡಿ, ಭಯ ಹುಟ್ಟುವುದೇ ಅಲ್ಲಿ. ಮೆಟಾಲಿಕಾದ್ದೇ 1988ರ '...ಆಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಕಷ್ಟ. ಅಷ್ಟು ಒಳ್ಳೆಯ ಹಾಡುಗಳಿಗೆ ಕಾಲೇ ಇಲ್ಲದಂತಾಗಿದೆ. ಜಾನಪದದ ಕಡೆ ಬಂದರೆ ರಘು ದೀಕ್ಷಿತ್ ಅವರ 2008ರ ಆಲ್ಬಂ ನನಗೆ ಬಹಳ ಇಷ್ಟ. 'ಸೋರುತಿಹುದು ಮನಿಯ ಮಾಳಿಗಿ'ಯಲ್ಲಿ ಶರೀಫರ ಒಂದು ಮಾತನ್ನೂ ವಾದ್ಯ ನುಂಗಿಲ್ಲ. ಸೌಂಡ್ ಕೆಲಸ ಕಲಿಯಲು ಬರುವ ಹುಡುಗರಿಗೆ ಮಿಕ್ಸರ್ ಮುಟ್ಟಿಸುವ ಮೊದಲು ಇವಿಷ್ಟನ್ನೂ ಕೇಳಿಸುತ್ತೇನೆ.

ಆ ಶೋ ಬಗ್ಗೆ ಮ್ಯಾನೇಜರ್ ಮೇಲಿನವರಿಗೆ ಬರೆದದ್ದು "ಸೌಂಡ್ ಕಮ್ಮಿ ಇತ್ತು" ಅಂತ. ಕುಣಿದವರನ್ನು ಯಾರೂ ಕೇಳಲಿಲ್ಲ. ನನಗೆ ಇವತ್ತಿಗೂ ಉರಿಯುವುದು ಅದು. ಈಗ ಕೊಟೇಶನ್‌ನಲ್ಲೇ ಬರೆದುಬಿಡುತ್ತೇನೆ: ಡೊಳ್ಳು ತಂಡ ಇದ್ದರೆ ಎರಡೇ ಮೈಕ್, ಸ್ಟೇಜ್ ಹಿಂದೆ ಬೆಂಕಿಗೆ ಜಾಗ, ಚರ್ಮ ಕಾಯಿಸಲು ಅರ್ಧ ಗಂಟೆ, ಶೋ ನಡೆಯುವಾಗ ಮಿಕ್ಸರ್ ಹತ್ತಿರ ಬೇರೆ ಯಾರೂ ನಿಲ್ಲಬಾರದು. ಕೆಲವರು ಇದನ್ನು ಓದಿ ಬೇರೆಯವರನ್ನು ಕರೆಯುತ್ತಾರೆ, ಕರೆಯಲಿ. ಆ ಶೋನ ಬಾಕಿ ದುಡ್ಡು ಮಾತ್ರ ಇನ್ನೂ ಬಂದಿಲ್ಲ. ಕೇಳುತ್ತಲೇ ಇದ್ದೇನೆ.