ಸೋಗಾನೆಯಲ್ಲಿ ಸಾಕ್ರೆಟಿಸ್

ಜೋಗಕ್ಕೂ ಹೋಗಿದ್ದೆ. ಮಂಜು ಮುಸುಕಿ ರಾಜನೂ ಕಾಣಲಿಲ್ಲ, ರಾಣಿಯೂ ಕಾಣಲಿಲ್ಲ. ಸಾಗರದಲ್ಲಿ ತಿಂದ ಪತ್ರೊಡೆ ಮಾತ್ರ ಬಹಳ ಚೆನ್ನಾಗಿತ್ತು. ಆದರೆ ನನಗೆ ಬರೆಯಬೇಕೆನಿಸಿರುವುದು ಶಿವಮೊಗ್ಗದ ಹೊರಗೆ, ಸೋಗಾನೆಯ ಕೇಂದ್ರ ಕಾರಾಗೃಹದಲ್ಲಿ ತತ್ತ್ವಶಾಸ್ತ್ರದ ಪಾಠಕ್ಕೆಂದು ಹೋಗಿ ಕಳೆದ ಮಧ್ಯಾಹ್ನದ ಬಗ್ಗೆ.

2023ರಲ್ಲಿ ಆರಂಭವಾದ ವಿಮಾನ ನಿಲ್ದಾಣವೂ ಸೋಗಾನೆಯಲ್ಲೇ ಇದೆ. ಆಟೊ ಹತ್ತುವಾಗ ಜೈಲಿಗೆ ಎಂದು ಬಿಡಿಸಿ ಹೇಳಿ. ಇನ್ನೊಂದು ಮಾತು: ಒಳಗೆ ಹಂಚಬೇಕಾದ ಹಾಳೆಗಳನ್ನು ಜೆರಾಕ್ಸ್ ಅಂಗಡಿಯಲ್ಲೇ ನಿಂತು ಎಣಿಸಿಕೊಳ್ಳಿ. ಹಣ ಪೂರ್ತಿ ತೆಗೆದುಕೊಂಡ ಅಂಗಡಿಯವನು ಪ್ರತಿ ಕಟ್ಟಿನಲ್ಲೂ ಕೊನೆಯ ಹಾಳೆಯನ್ನು ಬಿಟ್ಟಿದ್ದ. ಮೊಬೈಲನ್ನು ಗೇಟಿನಲ್ಲಿ ಒಪ್ಪಿಸಿ ಒಳಗೆ ಹೋದ ಮೇಲೆ ಮಾಡುವುದೇನು? ಈಗ ನೆನೆದರೂ ಸಿಟ್ಟು ಬರುತ್ತದೆ.

ಕೈದಿಗಳಿಗೆ ಪ್ರವಚನ ಹೇಳುವವರು ಬೇಕಾದಷ್ಟಿದ್ದಾರೆ. ನನಗೆ ಅದು ಒಗ್ಗುವುದಿಲ್ಲ. ಕೇಳುವವರೆಲ್ಲ ತಪ್ಪಿತಸ್ಥರೆಂದು ಮೊದಲೇ ತೀರ್ಮಾನಿಸಿದವನಿಗೆ ಯಾರು ಎದುರಾಡುತ್ತಾರೆ? ಎದುರಾಡದೆ ತತ್ತ್ವಶಾಸ್ತ್ರ ನಡೆಯುವುದಿಲ್ಲ. ಅದೂ ಅಲ್ಲದೆ ನನ್ನ ಮುಂದೆ ಕೂತವರಲ್ಲಿ ಅನೇಕರು ವಿಚಾರಣಾಧೀನರು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಹಾಗಾಗಿ ಪ್ಲೇಟೊ ಬರೆದ ‘ಕ್ರಿಟೊ’ ಸಂವಾದವನ್ನು ಆರಿಸಿಕೊಂಡೆ. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸಿನ ಸೆರೆಮನೆಯಲ್ಲಿ ಮರಣದಂಡನೆಗಾಗಿ ಕಾಯುತ್ತಿದ್ದ ತತ್ತ್ವಜ್ಞಾನಿ ಸಾಕ್ರೆಟಿಸನಿಗೆ, ತಪ್ಪಿಸಿಕೊಂಡು ಹೋಗು, ಎಲ್ಲ ಏರ್ಪಾಡಾಗಿದೆ ಎಂದು ಗೆಳೆಯ ಕ್ರಿಟೊ ಒತ್ತಾಯಿಸುವ ಸಂವಾದ ಅದು.

ಡೆಲೊಸ್ ದ್ವೀಪಕ್ಕೆ ಹೋದ ಹರಕೆಯ ಹಡಗು ಮರಳುವ ತನಕ ಯಾರನ್ನೂ ಕೊಲ್ಲುವಂತಿರಲಿಲ್ಲ, ಹೀಗಾಗಿ ಸುಮಾರು ಒಂದು ತಿಂಗಳು ಅವನು ಕಾಯಬೇಕಾಯಿತು ಎಂದೆ. ಕಾಯುವುದೆಂದರೇನೆಂದು ಅಲ್ಲಿ ಯಾರಿಗೂ ವಿವರಿಸಬೇಕಾಗಲಿಲ್ಲ. ಕ್ರಿಟೊ ನಸುಕಿಗೇ ಬಂದು ಕೂತಿದ್ದಾನೆ, ಸಾಕ್ರೆಟಿಸ್ ಗಾಢ ನಿದ್ದೆಯಲ್ಲಿದ್ದಾನೆ ಎಂಬಲ್ಲಿ ಒಬ್ಬ ಹುಡುಗ ತಡೆದ.

“ಇದು ಸುಳ್ಳಿರಬೇಕು ಮೇಷ್ಟ್ರೇ. ತೀರ್ಪು ಬಂದ ಮೇಲೆ ಯಾರಿಗೆ ನಿದ್ದೆ ಬರುತ್ತದೆ?”

“ತೀರ್ಪು ಬಂದ ಮೇಲೇ ಬರುವುದು,” ಎಂದರು ಹಿಂದಿನಿಂದ ಯಾರೋ. “ಅದಕ್ಕೆ ಮೊದಲು ಬರುವುದಿಲ್ಲ.”

ಕಾಲೇಜಿನಲ್ಲಿ ಈ ಸಾಲಿನ ಬಳಿ ಯಾರೂ ನಿಂತದ್ದನ್ನು ನಾನು ಕಂಡಿಲ್ಲ.

ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಮೂಲೆಯಲ್ಲಿ ಕೂತಿದ್ದರು. ಒಂದು ಕಡ್ಡಿ ಮುರಿದ ಕನ್ನಡಕವನ್ನು ದಾರದಿಂದ ಕಿವಿಗೆ ಬಿಗಿದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ಹೊರಗೆ ಅಡಿಕೆ ತೋಟವಿದೆ ಎಂದಷ್ಟೇ ತಿಳಿಯಿತು. ಏಕೆ ಬಂದಿರಿ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೊನೆಯ ಹಾಳೆ ಇಲ್ಲದ್ದನ್ನು ಮೊದಲು ಕಂಡವರು ಅವರೇ.

“ಮಕ್ಕಳ ವಿಷಯ ಕ್ರಿಟೊ ಎತ್ತಿದನಲ್ಲ, ಅದಕ್ಕೆ ಉತ್ತರ ಎಲ್ಲಿ?”

ಸಾಕ್ರೆಟಿಸನಿಗೆ ಮೂವರು ಗಂಡುಮಕ್ಕಳು, ಇಬ್ಬರು ಇನ್ನೂ ಚಿಕ್ಕವರು. ತಾನು ಊರು ಬಿಟ್ಟರೂ ಲೋಕ ಬಿಟ್ಟರೂ ಸ್ನೇಹಿತರು ಅವರನ್ನು ನೋಡಿಕೊಳ್ಳುತ್ತಾರೆ ಎಂಬುದು ಅವನ ಉತ್ತರ. ನೆನಪಿನಿಂದಲೇ ಹೇಳಿದೆ.

“ಇಷ್ಟು ವರ್ಷ ಈ ಊರಿನಲ್ಲಿ ಬಾಳಿದ್ದೇ ಇಲ್ಲಿನ ಕಾನೂನಿಗೆ ಮಾತು ಕೊಟ್ಟಂತೆ ಎನ್ನುತ್ತಾನೆ. ಒಪ್ಪಿದೆ. ಹುಟ್ಟಿಸಿದ ಮೇಲೆ ಮಕ್ಕಳಿಗೂ ಮಾತು ಕೊಟ್ಟಂತೆಯೇ ಅಲ್ಲವೇ?”

ಸಾಕ್ರೆಟಿಸನ ತರ್ಕವನ್ನು ಅವನಿಗೇ ತಿರುಗಿಸಿದ್ದರು. ನಾನು ಬಾಯಿ ತೆರೆಯುವ ಮೊದಲೇ ಆ ಹುಡುಗ, “ಓಡಿಹೋಗಿದ್ದರೆ ಓಡಿಹೋದವನ ಮಕ್ಕಳು ಅನ್ನಿಸಿಕೊಳ್ಳುತ್ತಿದ್ದರು, ಅಲ್ಲವೇ ಅಜ್ಜಾರೇ?” ಎಂದ.

“ಈಗ ಏನನ್ನಿಸಿಕೊಳ್ಳುತ್ತಾರೆ?” ಎಂದರು ಅವರು.

ಅಲ್ಲಿಂದ ಮುಂದೆ ಪಾಠ ಸಾಗಲಿಲ್ಲ, ಸಾಗಿಸುವ ಮನಸ್ಸೂ ನನಗಿರಲಿಲ್ಲ. ಓಡಬೇಕಿತ್ತು ಎನ್ನುವವರು, ಓಡಬಾರದಿತ್ತು ಎನ್ನುವವರು, ಮಕ್ಕಳು ದೊಡ್ಡವರಾಗುವ ತನಕವಾದರೂ ಬದುಕಬೇಕಿತ್ತು ಎನ್ನುವವರು ಒಬ್ಬರನ್ನೊಬ್ಬರು ಬಿಡಲಿಲ್ಲ. ವಿಷ ಕುಡಿಯುವ ದಿನ ಮಕ್ಕಳನ್ನು ಒಳಗೆ ಕರೆತಂದರು, ಅವನು ಮಾತನಾಡಿಸಿ ಕಳುಹಿಸಿದ ಎಂದು ನಾನು ಹೇಳಿದಾಗ ಹಿರಿಯರು ಕನ್ನಡಕ ತೆಗೆದು ಕೇಳಿದರು: “ಏನು ಮಾತನಾಡಿದ?”

“ಪ್ಲೇಟೊ ಬರೆದಿಲ್ಲ.”

“ಸರಿ ಮಾಡಿದ. ಸಂದರ್ಶನದಲ್ಲಿ ಆಡಿದ ಮಾತು ಮನೆಯವರದ್ದು.”

ಮರುದಿನ ಅಲ್ಲಮನ ಊರಾದ ಬಳ್ಳಿಗಾವಿಗೆ ಹೋದೆ. ಕೇದಾರೇಶ್ವರ ದೇವಾಲಯದ ಮೂರು ಗರ್ಭಗುಡಿಗಳನ್ನು ನೋಡಲು ಜೋಗಕ್ಕಿಂತ ಹೆಚ್ಚು ಹೊತ್ತು ಕೊಡಬೇಕು. ಮುಂದಿನ ಪಾಠಕ್ಕೆ ಅಲ್ಲಮನ ವಚನಗಳನ್ನು ತರಲೇ ಎಂದು ಹಿಂದಿನ ದಿನವೇ ಕೇಳಿದ್ದೆ. ತನ್ನಿ, ಆದರೆ ಮೊದಲು ಆ ಕೊನೆಯ ದಿನದ ಸಂವಾದ ಬೇಕು ಎಂದಿದ್ದರು. ಅದನ್ನು ಸರಳ ಕನ್ನಡಕ್ಕೆ ತರುತ್ತಿದ್ದೇನೆ. ಆತ್ಮದ ಅಮರತ್ವದ ವಾದಗಳು ಇನ್ನೂ ಬಾಕಿ. ಮಕ್ಕಳು ಬಂದು ಹೋಗುವ ಭಾಗ ಮುಗಿದಿದೆ.